ಮುಟ್ಟಿದಲ್ಲಿ ನಿಲ್ಲುವುದು

ಒಮ್ಮೆ ಮಕ್ಕಳನ್ನು ಜೋಗಿಮಟ್ಟಿಗೆ ಕರೆದುಕೊಂಡು ಹೋಗಿದ್ದೆವು. ಆಡುಮಲ್ಲೇಶ್ವರ ದಾಟಿ ಬೆಟ್ಟ ಹತ್ತುವಾಗ ಏಳನೆಯ ತರಗತಿಯ ಹುಡುಗಿಯೊಬ್ಬಳು ಬಂಡೆಯ ಮೇಲೆ ಜಾರಿ ಮಂಡಿ ತರಚಿಕೊಂಡಳು. ಹದಿನೈದು ದಿನದ ಮೇಲೆ, ಹಕ್ಕಳೆ ಉದುರಿದ ಮಂಡಿ ತೋರಿಸಿ, "ಮಿಸ್, ಚರ್ಮ ಬೆಳೆದು ಗಾಯ ಮುಚ್ಚಿತು, ಸರಿ. ಇನ್ನು ಸಾಕು ಅಂತ ಅದಕ್ಕೆ ಹೇಳಿದವರು ಯಾರು?" ಎಂದಳು. ನನಗೆ ಗೊತ್ತಿರಲಿಲ್ಲ. ಮನೆಗೆ ಬಂದು ಹುಡುಕಿ ಓದಿದೆ.

ಗಾಯದ ಅಂಚಿನ ಜೀವಕೋಶಗಳು ಚಪ್ಪಟೆಯಾಗಿ, ತೆಳ್ಳನೆಯ ಪಾದದಂಥದನ್ನು ಮುಂದೆ ಚಾಚಿ, ಹಕ್ಕಳೆಯ ಅಡಿಯಲ್ಲಿ ತೆವಳುತ್ತ ಬರುತ್ತವೆ. ಎದುರು ಅಂಚಿನಿಂದ ಬಂದವು ತಾಗಿದಾಗ ಎರಡೂ ನಿಲ್ಲುತ್ತವೆ. 1950ರ ದಶಕದಲ್ಲಿ ಲಂಡನ್ನಿನಲ್ಲಿ ಮೈಕೇಲ್ ಅಬರ್‌ಕ್ರಾಂಬಿ ಮತ್ತು ಜೋನ್ ಹೇಸ್‌ಮನ್ ಕೋಳಿಭ್ರೂಣದ ಹೃದಯದ ಕೋಶಗಳನ್ನು ಗಾಜಿನ ಮೇಲೆ ಬೆಳೆಸಿ ನೋಡಿದರು. ಒಂದು ಕೋಶ ಇನ್ನೊಂದನ್ನು ತಾಗಿದರೆ ಅದರ ಮೇಲೆ ಹತ್ತಿ ಹೋಗದೆ, ಆ ದಿಕ್ಕಿನ ನಡಿಗೆಯನ್ನೇ ಬಿಡುತ್ತಿತ್ತು. ಇಲಿಯ ಕ್ಯಾನ್ಸರ್ ಗಡ್ಡೆಯ ಕೋಶಗಳು ಮಾತ್ರ ಹಾಗೆ ನಿಲ್ಲಲಿಲ್ಲ. ಅವರ ಲೇಖನದ ಹೆಸರಿನಲ್ಲೇ ಕೋಶಗಳ ‘ಸಾಮಾಜಿಕ ನಡವಳಿಕೆ’ ಎಂಬ ಮಾತಿದೆ.

ಆ ಮಾತು ಓದಿದಾಗ ನನ್ನ ನಡವಳಿಕೆಯೇ ನೆನಪಾಯಿತು. ಮಗ, ಸೊಸೆ ಬೇರೆ ಮನೆ ಮಾಡಿದ ಹೊಸತು. ಹೋದಾಗಲೆಲ್ಲ ಅಡಿಗೆಮನೆ ಒಪ್ಪ ಮಾಡುತ್ತೇನೆಂದು ಬೇಳೆಯ ಡಬ್ಬಿ ಕೆಳಗಿಳಿಸಿ, ಸಾರಿನ ಪುಡಿ ಮೇಲೇರಿಸಿ ಬರುತ್ತಿದ್ದೆ. ಒಂದು ದಿನ ಅವಳು ಮೆಲ್ಲಗೆ, "ಅತ್ತೆ, ಆ ಡಬ್ಬಿ ಅಲ್ಲೇ ಇರಲಿ ಬಿಡಿ" ಎಂದಳು. ನನಗೆ ಅಳುವೇ ಬಂತು. ಪ್ರೀತಿಯಿಂದ ಮಾಡಿದ್ದೂ ತಪ್ಪೇ?

ಹರಡುವುದು ತಪ್ಪಲ್ಲ. ಹರಡದಿದ್ದರೆ ಗಾಯ ಮಾಯುವುದೇ ಇಲ್ಲ. ಅವಳು ಜ್ವರದಲ್ಲಿ ಮಲಗಿದ್ದಾಗ ಅದೇ ಅಡಿಗೆಮನೆಯನ್ನು ನಾನೇ ನಡೆಸಿದ್ದೆ. ಆಗ ಅವಳು ಬೇಡವೆನ್ನಲಿಲ್ಲ. ಆಗ ಅಲ್ಲಿ ಗಾಯವಿತ್ತು. ಈಗ ಅಲ್ಲಿ ಅವಳಿದ್ದಾಳೆ.

ಹಾಗೆಂದು ಕೋಶಗಳಿಗೆ ನೀತಿ ಗೊತ್ತಿದೆಯೆಂದಲ್ಲ. ನಿಲ್ಲುವ ಕೋಶ ಪುಣ್ಯವಂತವೂ ಅಲ್ಲ, ನಿಲ್ಲದ್ದು ಪಾಪಿಯೂ ಅಲ್ಲ. ಆ ರೋಗ ಬಂದವರನ್ನು ‘ಅವರ ಕರ್ಮ’ ಎನ್ನುವುದಂತೂ ಕ್ರೌರ್ಯ. ಕೋಶಕ್ಕೆ ತಾಗಿದರೆ ಸಾಕು. ಮನುಷ್ಯರಿಗೆ ತಾಗಿದ್ದು ತಿಳಿದರೂ ಸಾಲದು, ನಿಲ್ಲಲು ಮನಸ್ಸು ಒಪ್ಪಬೇಕು. ನೀತಿ ಶುರುವಾಗುವುದು ಆ ಒಪ್ಪಿಗೆಯಲ್ಲಿ. ಇನ್ನೊಂದು ಮಾತು: ಗಾಯದಲ್ಲಿ ಎರಡು ಕಡೆಯವೂ ನಿಲ್ಲುತ್ತವೆ. ಒಬ್ಬಳೇ ಯಾವಾಗಲೂ ಹಿಂದೆ ಸರಿಯಬೇಕೆಂದು ಅಲ್ಲಿ ಕಟ್ಟಳೆಯಿಲ್ಲ.

ಹುಡುಗಿಗೆ ಹೇಳಿದೆ: "ಯಾರೂ ಹೇಳಲಿಲ್ಲಮ್ಮ. ಪಕ್ಕದ್ದು ತಾಗಿತು, ನಿಂತಿತು."

ಬೇಳೆಯ ಡಬ್ಬಿ ಈಗ ಮೇಲಿನ ಗೂಡಿನಲ್ಲೇ ಇದೆ. ನನ್ನ ಕೈಗೆ ಎಟುಕುವುದಿಲ್ಲ. ಬೇಕಾದಾಗ ಅವಳನ್ನೇ ಕೇಳುತ್ತೇನೆ.