ಹಸಿವನ್ನು ಅರಿಯುವವನು ಯಾರು?

ಭಾದ್ರಪದ ಮಾಸದ ದಶಲಕ್ಷಣ ಪರ್ವವು ಬರುವ ಹೊತ್ತಿಗೆ ಘಟಪ್ರಭಾ ನದಿಯು ಮಳೆನೀರಿನಿಂದ ತುಂಬಿರುತ್ತದೆ. ಹುಕ್ಕೇರಿ ತಾಲೂಕಿನ ಹಿಡಕಲ್ಲಿನಲ್ಲಿ ಜಲಾಶಯವಾಗಿ ನಿಂತು, ಮುಂದೆ ಗೋಕಾಕದ ಬಳಿ 52 ಮೀಟರು ಎತ್ತರದಿಂದ ಧುಮ್ಮಿಕ್ಕುವ ಆ ನೀರು ಆಗ ಕೆಮ್ಮಣ್ಣಿನ ಬಣ್ಣವನ್ನು ತಾಳಿರುತ್ತದೆ. ಕೆಂಪು ನೀರಿನ ಸ್ವಭಾವವಲ್ಲ. ಮಣ್ಣಿನ ಸಂಯೋಗದಿಂದ ಬಂದುದು. ಜೀವಕ್ಕೂ ಕರ್ಮಕ್ಕೂ ಇರುವ ಸಂಬಂಧವು ಇಂಥದೇ.

ಉಪವಾಸದ ದಿನ ಮೂರನೆಯ ಪ್ರಹರಕ್ಕೆ ಹೊಟ್ಟೆ ಹಸಿಯುತ್ತದೆ. ಹಸಿವು ದೇಹದ್ದು, ಆದರೆ ‘ಹಸಿವಾಗಿದೆ’ ಎಂದು ಅರಿಯುವುದು ಯಾವುದು? ಚಾರ್ವಾಕರು ಅದನ್ನೂ ದೇಹದ್ದೇ ಎಂದರು. ಹುಳಿತ ಪದಾರ್ಥಗಳಲ್ಲಿ ಅಮಲು ಹುಟ್ಟುವಂತೆ ನಾಲ್ಕು ಭೂತಗಳ ಕೂಟದಲ್ಲಿ ಚೈತನ್ಯವು ಹುಟ್ಟುವುದೆಂಬುದು ಅವರ ಮತ. ಇಂದಿನ ವಿಜ್ಞಾನಿಗಳಲ್ಲಿ ಅನೇಕರು ಅದನ್ನು ಮೆದುಳಿನ ನರಕೋಶಗಳ ವ್ಯಾಪಾರವೆನ್ನುತ್ತಾರೆ. 1994ರಲ್ಲಿ ಫ್ರಾನ್ಸಿಸ್ ಕ್ರಿಕ್ ಪ್ರಕಟಿಸಿದ ಗ್ರಂಥದ ವಾದವೂ ಇದೇ. ಆದರೆ ನರಕೋಶಗಳ ಕಾರ್ಯವನ್ನೆಲ್ಲ ವಿವರಿಸಿದ ಮೇಲೂ ಅದರೊಡನೆ ಅನುಭವವೆಂಬುದು ಏಕಿರಬೇಕೆಂಬ ಪ್ರಶ್ನೆ ಉಳಿಯುವುದೆಂದು 1995ರಲ್ಲಿ ತತ್ತ್ವಜ್ಞಾನಿ ಡೇವಿಡ್ ಚಾಮರ್ಸ್ ವಾದಿಸಿದರು. ಮೆದುಳು ಪ್ರಜ್ಞೆಯನ್ನು ಹುಟ್ಟಿಸದೆ ಕೇವಲ ಹಾಯಗೊಡುವ ದ್ವಾರವಾಗಿರಲೂಬಹುದೆಂದು ವಿಲಿಯಂ ಜೇಮ್ಸ್ ಅವರು 1898ರಲ್ಲಿ ಅಚ್ಚಾದ ತಮ್ಮ ಉಪನ್ಯಾಸದಲ್ಲಿ ಸೂಚಿಸಿದ್ದರು.

ಜಿನಾಗಮದ ನಿರ್ಣಯವು ಸ್ಪಷ್ಟವಾಗಿದೆ. ಅಚೇತನದಿಂದ ಚೇತನವು ಹುಟ್ಟದು; ಜೀವವು ಅನಾದಿ. ಜೀವದ ಲಕ್ಷಣವು ಉಪಯೋಗವೆಂದು ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಹೇಳಿದ್ದಾರೆ. ನೋಡುವುದು, ಅರಿಯುವುದು—ಇವೇ ಆ ಉಪಯೋಗದ ಎರಡು ಬಗೆಗಳು. ಹಾಗಾದರೆ ತಲೆಗೆ ಪೆಟ್ಟು ಬಿದ್ದಾಗ ಅರಿವು ತಪ್ಪುವುದೇಕೆಂಬ ಶಂಕೆಯು ಸಹಜವೇ. ಸಂಸಾರಿ ಜೀವದ ಮತಿಜ್ಞಾನವು ಜ್ಞಾನಾವರಣ ಕರ್ಮದ ಕ್ಷಯೋಪಶಮಕ್ಕೆ ಅನುಸಾರವಾಗಿ, ಇಂದ್ರಿಯ ಮತ್ತು ಮನಸ್ಸುಗಳ ನಿಮಿತ್ತದಿಂದ ಪ್ರವರ್ತಿಸುತ್ತದೆ. ಕಿಟಕಿ ಮುಚ್ಚಿದರೆ ಒಳಗಿದ್ದವನಿಗೆ ಹೊರಗಿನದು ಕಾಣದು. ಅಷ್ಟರಿಂದ ನೋಡುವವನೇ ಇಲ್ಲವೆನ್ನಲಾಗದು.

ಈ ತತ್ತ್ವವು ವಾದದಿಂದ ಮಾತ್ರ ದೃಢವಾಗುವುದಿಲ್ಲ, ವ್ರತದಿಂದ ದೃಢವಾಗಬೇಕು. ಐದೂ ಇಂದ್ರಿಯಗಳು ತಮ್ಮ ತಮ್ಮ ವಿಷಯಗಳ ಆತುರವನ್ನು ಬಿಟ್ಟು ಒಳಗೆ ಬಂದು ನೆಲೆಸುವುದೇ ಉಪವಾಸವೆಂದು ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ವಿವರಿಸಿದ್ದಾರೆ. ಅನ್ನವನ್ನು ಬಿಟ್ಟ ನಾಲಗೆ ಸುಮ್ಮನಿದ್ದು ಮನಸ್ಸು ಮರುದಿನದ ಪಾರಣೆಯ ಅಡುಗೆಮನೆಯಲ್ಲಿಯೇ ಸುಳಿದಾಡುತ್ತಿದ್ದರೆ ಅದು ಲಂಘನವಾದೀತೇ ಹೊರತು ಉಪವಾಸವಾಗದು.

ಮೂಡಲಗಿಯ ಕಡೆಯ ಒಕ್ಕಲಿಗ ಶ್ರಾವಕನೊಬ್ಬನು ಚತುರ್ದಶಿಯಂದು ನಿರಾಹಾರನಾಗಿ ಹೊಲಕ್ಕೆ ಹೋದನೆನ್ನೋಣ. ಇಳಿಹೊತ್ತಿಗೆ ಬಳಲಿಕೆಯೇರಿ, ಸಣ್ಣ ತಪ್ಪಿಗೆ ಆಳಿನ ಮೇಲೆ ರೇಗುತ್ತಾನೆ. ಎತ್ತುಗಳಿಗೆ ಮೇವು ಹಾಕುವುದನ್ನು ಮರೆಯುತ್ತಾನೆ. ಅವನ ಹೊಟ್ಟೆ ಬರಿದಾಗಿದ್ದರೂ ವ್ರತವು ಕಳಂಕಿತವಾಯಿತು. ಆಶ್ರಿತರ ಅನ್ನ-ನೀರನ್ನು ತಡೆಯುವ ಅನ್ನಪಾನನಿರೋಧವು ಅಹಿಂಸಾಣುವ್ರತದ ಐದು ಅತಿಚಾರಗಳಲ್ಲೊಂದು. ತನ್ನೊಳಗೆ ಹಸಿವನ್ನು ಅರಿಯುತ್ತಿರುವ ಚೈತನ್ಯವೇ ಎತ್ತಿನೊಳಗೂ ಅರಿಯುತ್ತಿದೆ. ಜೀವಗಳು ಬೇರೆ ಬೇರೆ, ಲಕ್ಷಣವು ಒಂದೇ. ಇದನ್ನು ಕಾಣದವನಿಗೆ ಚೈತನ್ಯದ ಚರ್ಚೆಯು ಬರಿಯ ಮಾತು. ಅದೇ ಶ್ರಾವಕನು ‘ಕೋಪವು ಬಂದಿತು; ಅದನ್ನು ಅರಿತವನು ನಾನು, ಕೋಪವು ನಾನಲ್ಲ’ ಎಂದು ಕ್ಷಣಕಾಲ ನಿಂತು, ಆಳಿನ ಕ್ಷಮೆ ಕೋರಿ, ಎತ್ತಿಗೆ ಮೇವಿಟ್ಟರೆ ಅಲ್ಲಿಯೇ ಉಪವಾಸವು ಮತ್ತೆ ಆರಂಭವಾಗುತ್ತದೆ.

ಕೊಡದಲ್ಲಿ ಅಲುಗದೆ ನಿಂತ ಕೆನ್ನೀರಿನ ಮಣ್ಣು ತಳಕ್ಕೆ ಇಳಿಯುತ್ತದೆ, ಇದು ಉಪಶಮದಂತೆ. ಕೊಡವು ಅಲುಗಿದರೆ ಮಣ್ಣು ಪುನಃ ಏಳುತ್ತದೆ. ತಿಳಿಯಾದ ನೀರನ್ನು ಬೇರೊಂದು ಶುದ್ಧ ಪಾತ್ರೆಗೆ ಬಗ್ಗಿಸಿಕೊಂಡರೆ ಮಣ್ಣಿನ ಭಯವಿಲ್ಲ, ಇದು ಕ್ಷಯದಂತೆ. ಒಂದು ದಿನದ ಉಪವಾಸವು ಕೊಡವನ್ನು ಅಲುಗದಂತೆ ಇಡುವ ಅಭ್ಯಾಸ. ಭವ್ಯಜೀವರು ಈ ಪರ್ವದಲ್ಲಿ ಅದನ್ನು ಶಕ್ತಿಗೆ ತಕ್ಕಷ್ಟು ಆಚರಿಸಿ, ಅರಿಯುವವನನ್ನು ಅರಿಯುವಂತಾಗಲಿ.