ಅನ್ಯರ ಹೆಸರಿನ ಲಕೋಟೆ

ಬಾಡಿಗೆ ಮನೆಗಳಲ್ಲಿ ವಾಸಿಸುವ ನಮ್ಮ ಅನೇಕ ಕುಟುಂಬಗಳಿಗೆ ಇದು ಪರಿಚಿತ ಅನುಭವ. ಹನ್ನೊಂದು ತಿಂಗಳ ಕರಾರಿಗೆ ಸಹಿ ಹಾಕಿ, ಗುರುಗಳನ್ನು ಕರೆಸಿ ಮನೆ ಮಂತ್ರಿಸಿಕೊಂಡು ಒಂದು ಕುಟುಂಬ ಹೊಸ ಮನೆಗೆ ಬರುತ್ತದೆ. ಕೆಲವೇ ದಿನಗಳಲ್ಲಿ ಬಾಗಿಲ ಸಂದಿಯಲ್ಲಿ ಯಾವುದೋ ಬ್ಯಾಂಕಿನ ಲಕೋಟೆ ಕಾಣಿಸಿಕೊಳ್ಳುತ್ತದೆ. ವಿಳಾಸ ಆ ಮನೆಯದೇ. ಹೆಸರು ಮಾತ್ರ ಹಿಂದೆ ಅಲ್ಲಿದ್ದವರದು. ಮೊದಲಿಗೆ ಒಂದು, ಬಳಿಕ ತಿಂಗಳಿಗೆ ಮೂರು, ಕಡೆಗೆ ವಕೀಲರ ನೋಟಿಸು. ಅದರ ಬೆನ್ನಿಗೇ ಸಾಲ ವಸೂಲಿಗೆಂದು ಬಂದು ಕರೆಗಂಟೆ ಒತ್ತುವ ಅಪರಿಚಿತ. ಹಿಂದಿನವರು ಬ್ಯಾಂಕಿಗೆ ಹೊಸ ವಿಳಾಸ ತಿಳಿಸದೆ ಹೋಗಿದ್ದಾರೆ. ಮರೆತು ಹೋದರೋ, ಮರೆಸಿಕೊಂಡು ಹೋದರೋ ನಮಗೆ ತಿಳಿಯದು.

ಇದನ್ನು ಬರಿಯ ಕಿರುಕುಳವೆಂದು ತಳ್ಳಿಹಾಕುವುದು ಸುಲಭ. ಆದರೆ ಈ ಲಕೋಟೆಯೊಳಗೆ ಒಂದು ನೈತಿಕ ಪ್ರಶ್ನೆ ಅಡಗಿದೆ. ನಾವು ಮಾಡದ ಸಾಲಕ್ಕೆ ನಾವು ಹೊಣೆಯಲ್ಲ, ನಿಜ. ಆದರೂ ಇನ್ನೊಬ್ಬರ ಸಂಕಟದ, ಬಹುಶಃ ಅವಮಾನದ ಸುದ್ದಿ ಅನಪೇಕ್ಷಿತವಾಗಿ ನಮ್ಮ ಕೈಗೆ ಬಂದು ಬಿದ್ದಾಗ ಅವರಿಗೆ ನಾವು ಸಲ್ಲಿಸಬೇಕಾದುದೇನು? ಸಾಲ ಕೊಟ್ಟು ಕಾಯುತ್ತಿರುವವರಿಗೆ ಸಲ್ಲಿಸಬೇಕಾದುದೇನು?

ಮೊದಲು ಭಯವನ್ನು ಬದಿಗಿಡೋಣ. ಸಾಲವು ವ್ಯಕ್ತಿಯನ್ನು ಹಿಂಬಾಲಿಸುತ್ತದೆಯೇ ಹೊರತು ಅವನು ಬಾಡಿಗೆಗಿದ್ದ ಮನೆಯ ಗೋಡೆಗಳನ್ನಲ್ಲ. ಹಿಂದಿನ ಬಾಡಿಗೆದಾರನ ಕಂತು ತಪ್ಪಿದರೆ ಇಂದಿನ ಬಾಡಿಗೆದಾರನು ತೆರಬೇಕಾಗಿಲ್ಲ. ವಸೂಲಿಗಾರರು ಬೆಳಿಗ್ಗೆ 8 ಗಂಟೆಗೆ ಮುಂಚೆ ಮತ್ತು ಸಂಜೆ 7ರ ನಂತರ ಸಾಲಗಾರನಿಗೇ ಕರೆ ಮಾಡಕೂಡದು, ಅವನ ಕುಟುಂಬದವರ ಹಾಗೂ ಸ್ನೇಹಿತರ ಖಾಸಗಿ ಬದುಕಿನಲ್ಲಿ ತಲೆಹಾಕಕೂಡದು ಎಂದು ರಿಸರ್ವ್ ಬ್ಯಾಂಕ್ 2022ರ ಆಗಸ್ಟ್‌ನಲ್ಲಿ ಸ್ಪಷ್ಟಪಡಿಸಿದೆ. ಸಾಲಗಾರನಿಗೇ ಈ ರಕ್ಷಣೆಯಿರುವಾಗ ಸಂಬಂಧವೇ ಇಲ್ಲದ ನಮ್ಮನ್ನು ಬೆದರಿಸುವ ಹಕ್ಕು ಯಾರಿಗೂ ಇಲ್ಲ.

ಭಯ ಹೋದ ಮೇಲೆ ಶೋಧನೆಗಳು ಬರುತ್ತವೆ. ಮೊದಲನೆಯದು ಕುತೂಹಲ: ಒಡೆದು ನೋಡಿದರೆ ತಪ್ಪೇನು, ಎಷ್ಟು ಸಾಲವಿರಬಹುದು? ಎರಡನೆಯದು ಮಾತಿನ ಚಪಲ: ಪಕ್ಕದ ಮನೆಯವರೊಡನೆ, ಪೂಜೆ ಮುಗಿದ ಮೇಲೆ ದೇವಾಲಯದ ಅಂಗಳದಲ್ಲಿ, "ಅವರು ಹಾಗಿದ್ದರು ನೋಡಿ" ಎಂಬ ಕಥೆ. ಮೂರನೆಯದು ಉದಾಸೀನ: ಹರಿದು ಕಸದ ಬುಟ್ಟಿಗೆ ಹಾಕಿಬಿಡುವುದು.

ಸುಳ್ಳು ಹೇಳಿ ಹೆಸರು ಕೆಡಿಸಿದರೆ ಮಾತ್ರ ಪಾಪ, ನಿಜವನ್ನೇ ಹೇಳಿದರೆ ತಪ್ಪಿಲ್ಲ ಎಂದು ನಮ್ಮಲ್ಲಿ ಹಲವರು ತಿಳಿದಿದ್ದಾರೆ. ಧರ್ಮಸಭೆಯ ಬೋಧನೆ ಹಾಗಿಲ್ಲ. ತಕ್ಕ ಕಾರಣವಿಲ್ಲದೆ ಇನ್ನೊಬ್ಬರ ನಿಜವಾದ ಕುಂದನ್ನೂ ಅದನ್ನು ಅರಿಯದವರ ಮುಂದೆ ಬಯಲು ಮಾಡುವುದು ಎಂಟನೆಯ ಆಜ್ಞೆಗೆ ವಿರುದ್ಧವಾದ ಪರನಿಂದೆ. ಲೌಕಿಕ ಸಂಪತ್ತುಗಳಲ್ಲೆಲ್ಲ ಒಳ್ಳೆಯ ಹೆಸರೇ ಹೆಚ್ಚು ಬೆಲೆಯುಳ್ಳದ್ದೆಂದು ಸಂತ ಥಾಮಸ್ ಅಕ್ವಿನಾಸರು ಪರನಿಂದೆಯನ್ನು ಕುರಿತು ಬರೆಯುತ್ತಾ ವಿವರಿಸುತ್ತಾರೆ. ಹಣ ಕಳೆದುಕೊಂಡು ಮನೆ ಬಿಟ್ಟು ಹೋದವನ ಬಳಿ ಬಹುಶಃ ಉಳಿದಿರುವುದು ಅದೊಂದೇ ಆಸ್ತಿ. ಅದನ್ನೂ ನಾವು ಜಪ್ತಿ ಮಾಡಬೇಕೇ? ಕೆಲಸ ಹೋಗಿತ್ತೋ, ಆಸ್ಪತ್ರೆಯ ಬಿಲ್ಲು ಕಟ್ಟಬೇಕಿತ್ತೋ, ದುಂದುವೆಚ್ಚವೋ, ಲಕೋಟೆಯ ಹೊರಮೈ ನಮಗೆ ಹೇಳುವುದಿಲ್ಲ. ಸಣ್ಣ ಸಾಲಗಳ ವಸೂಲಿಯ ಕಾಟ ತಾಳಲಾರದೆ ಚಾಮರಾಜನಗರ ಜಿಲ್ಲೆಯಲ್ಲಿ ಕುಟುಂಬಗಳು ಮನೆಗೆ ಬೀಗ ಹಾಕಿ ಊರು ಬಿಟ್ಟ ಸುದ್ದಿಯನ್ನು 2025ರ ಜನವರಿಯಲ್ಲಿ ನಾವೆಲ್ಲ ಓದಿದ್ದೇವೆ. ಮರುತಿಂಗಳೇ ರಾಜ್ಯ ಸರ್ಕಾರ ಬಲವಂತದ ವಸೂಲಿಯನ್ನು ತಡೆಯಲು ಸುಗ್ರೀವಾಜ್ಞೆ ಹೊರಡಿಸಬೇಕಾಯಿತು. ಬೀಗ ಹಾಕಿ ಹೋದವರೆಲ್ಲ ಮೋಸಗಾರರಲ್ಲ.

ಧರ್ಮೋಪದೇಶಕಾಂಡದ 24ನೆಯ ಅಧ್ಯಾಯದಲ್ಲಿ ಒಂದು ಸೂಕ್ಷ್ಮವಾದ ವಿಧಿಯಿದೆ. ಸಾಲ ಕೊಟ್ಟವನು ಅಡವನ್ನು ತೆಗೆದುಕೊಳ್ಳಲು ಸಾಲಗಾರನ ಮನೆಯೊಳಗೆ ಹೋಗಬಾರದು, ಹೊರಗೆ ನಿಂತಿರಬೇಕು, ಅಡವಿನ ವಸ್ತುವನ್ನು ಸಾಲಗಾರನೇ ಹೊರಗೆ ತಂದು ಕೊಡಬೇಕು. ಸಾಲವನ್ನು ಮರಳಿ ಪಡೆಯುವ ಹಕ್ಕನ್ನು ಈ ವಿಧಿ ಅಲ್ಲಗಳೆಯುವುದಿಲ್ಲ. ಆದರೆ ಬಡವನ ಹೊಸ್ತಿಲಿಗೂ ಒಂದು ಮರ್ಯಾದೆಯಿದೆ, ಅವನ ಮನೆಯೊಳಗಿನ ಬರಿದುತನವನ್ನು ಕಾಣುವ ಅಧಿಕಾರ ಹಣ ಕೊಟ್ಟವನಿಗೂ ಇಲ್ಲ ಎನ್ನುತ್ತದೆ. ಅಂಟಿಸಿದ ಲಕೋಟೆಯೂ ಅಂಥದೊಂದು ಹೊಸ್ತಿಲೇ. ಸಾಲ ಕೊಟ್ಟವನೇ ದಾಟಬಾರದ ಹೊಸ್ತಿಲನ್ನು ದಾರಿಹೋಕರಾದ ನಾವು ದಾಟುವುದು ಹೇಗೆ ಸರಿ?

ಇನ್ನು ಕಠಿಣವಾದ ಪ್ರಶ್ನೆಗೆ ಬರೋಣ. ಹಿಂದಿನವರ ಹೊಸ ವಿಳಾಸವೋ, ಅವರ ಮಕ್ಕಳು ಓದುವ ಶಾಲೆಯೋ ನಮಗೆ ಗೊತ್ತಿದೆ ಎಂದಿಟ್ಟುಕೊಳ್ಳಿ. ಬಾಗಿಲಲ್ಲಿ ನಿಂತವನು "ಎಲ್ಲಿ ಹೋದರು?" ಎಂದು ಕೇಳುತ್ತಾನೆ. "ನನಗೆ ಗೊತ್ತಿಲ್ಲ" ಎಂದರೆ ಸುಳ್ಳಾಗುತ್ತದೆ. ಗೊತ್ತಿರುವುದನ್ನೆಲ್ಲ ಹೇಳಿದರೆ, ವಸೂಲಿಗಾರನೋ ವಂಚಕನೋ ನಮಗೇ ತಿಳಿಯದ ಒಬ್ಬನನ್ನು ಶಾಲೆಯ ಗೇಟಿಗೆ ಕಳುಹಿಸಿದಂತಾಗುತ್ತದೆ. ಸಂತ ಅಗಸ್ಟೀನರು ಸುಳ್ಳನ್ನು ಕುರಿತು ಬರೆದ ಗ್ರಂಥದಲ್ಲಿ ತಗಾಸ್ತೆ ನಗರದ ಧರ್ಮಾಧ್ಯಕ್ಷರಾಗಿದ್ದ ಫಿರ್ಮುಸ್ ಎಂಬವರ ವೃತ್ತಾಂತವಿದೆ. ತಮ್ಮಲ್ಲಿ ಆಶ್ರಯ ಪಡೆದವನನ್ನು ಚಕ್ರವರ್ತಿಯ ದೂತರು ಹುಡುಕಿ ಬಂದಾಗ, ತಾವು ಸುಳ್ಳನ್ನೂ ಹೇಳಲಾರೆವು, ಅವನನ್ನು ಹಿಡಿದೂ ಕೊಡಲಾರೆವು ಎಂದು ಫಿರ್ಮುಸರು ಉತ್ತರಿಸಿದರು. ಅದಕ್ಕಾಗಿ ಚಿತ್ರಹಿಂಸೆಯನ್ನೂ ಸಹಿಸಿದರು. ಕೊನೆಗೆ ಚಕ್ರವರ್ತಿಯೇ ಅವರ ಸ್ಥೈರ್ಯಕ್ಕೆ ಬೆರಗಾಗಿ ಆ ವ್ಯಕ್ತಿಯನ್ನು ಕ್ಷಮಿಸಿದನು. ನಮ್ಮಿಂದ ಅಷ್ಟು ದೊಡ್ಡ ಧೈರ್ಯವನ್ನು ಯಾರೂ ಕೇಳುತ್ತಿಲ್ಲ. "ಅವರು ಈ ಮನೆಯಲ್ಲಿಲ್ಲ. ಅವರ ವಿಷಯವನ್ನು ನಾನು ಹೇಳುವುದಿಲ್ಲ" ಎಂಬ ಎರಡು ವಾಕ್ಯಗಳು ಸಾಕು. ತಿಳಿಯುವ ಹಕ್ಕಿಲ್ಲದವರಿಗೆ ಸತ್ಯವನ್ನು ತೆರೆದಿಡುವ ಬಾಧ್ಯತೆ ಯಾರಿಗೂ ಇಲ್ಲವೆಂದು ಧರ್ಮಸಭೆಯೂ ಬೋಧಿಸುತ್ತದೆ. ನ್ಯಾಯಾಲಯವೇ ಕೇಳಿದರೆ ಮಾತು ಬೇರೆ. ಅಲ್ಲಿ ಸಾಕ್ಷಿ ನುಡಿಯುವುದೇ ಕರ್ತವ್ಯ.

ಹಾಗಾದರೆ ಸಾಲ ಕೊಟ್ಟವರಿಗೆ ಅನ್ಯಾಯವಾಗುವುದಿಲ್ಲವೇ? ಬ್ಯಾಂಕಿನ ಹಣವೆಂದರೆ ಯಾರೋ ವಿಧವೆಯ ಠೇವಣಿ, ಯಾರೋ ನಿವೃತ್ತರ ಉಳಿತಾಯ. ಸಾಲ ತೀರಿಸಬೇಕು ಎಂಬುದು ನ್ಯಾಯದ ಬೇಡಿಕೆ. ಪ್ರವಾದಿ ಎಲೀಷನು ಸಾಲದಲ್ಲಿ ಮುಳುಗಿದ್ದ ವಿಧವೆಗೆ ಎಣ್ಣೆಯನ್ನು ಹೇರಳವಾಗಿ ಒದಗಿಸಿದಾಗಲೂ ಮೊದಲು ಅದನ್ನು ಮಾರಿ ಸಾಲ ತೀರಿಸುವಂತೆ ಹೇಳಿದನು. ಆದ್ದರಿಂದಲೇ ಲಕೋಟೆಯನ್ನು ಹರಿದು ಹಾಕುವುದೂ ತಪ್ಪು. ನಾವು ಹರಿದರೆ ಬ್ಯಾಂಕಿಗೆ ಸತ್ಯ ತಿಳಿಯದು, ಸಾಲಗಾರನಿಗೆ ಎಚ್ಚರಿಕೆ ತಲುಪದು. ಆಸ್ತಿ ಅಡವಿಟ್ಟ ಸಾಲಗಳಲ್ಲಿ ನೋಟಿಸು ಕೊಟ್ಟು 60 ದಿನ ಕಳೆದ ಮೇಲೆ ಬ್ಯಾಂಕು ಆ ಆಸ್ತಿಯನ್ನು ವಶಪಡಿಸಿಕೊಳ್ಳುವ ಕ್ರಮಕ್ಕೆ ಮುಂದಾಗಬಹುದು. ಅವನಿಗೆ ಅಮೂಲ್ಯವಾದ ಆ ದಿನಗಳು ನಮ್ಮ ಕಸದ ಬುಟ್ಟಿಯಲ್ಲಿ ಕಳೆದುಹೋಗಬಾರದು.

ಮಾಡಬೇಕಾದುದು ಸರಳ. ಲಕೋಟೆಯನ್ನು ಒಡೆಯದೆ, ಅದರ ಮೇಲೆ "ಮನೆ ಬಿಟ್ಟು ಹೋಗಿದ್ದಾರೆ, ಕಳುಹಿಸಿದವರಿಗೆ ಹಿಂದಿರುಗಿಸಿ" ಎಂದು ಬರೆದು ಅಂಚೆಯವರ ಕೈಗೆ ಕೊಡಿ. ಸಹಿ ಹಾಕಿ ಪಡೆಯಬೇಕಾದ ಅಂಚೆಗೆ ಸಹಿ ಹಾಕಬೇಡಿ. ಸುಮ್ಮನೆ "ಬೇಡ" ಎಂದೂ ಹೇಳಬೇಡಿ. ಪತ್ರವನ್ನು ನಿರಾಕರಿಸಲಾಗಿದೆ ಎಂದು ದಾಖಲಾದರೆ ನ್ಯಾಯಾಲಯಗಳು ಅದನ್ನು ತಲುಪಿದ ಪತ್ರವೆಂದೇ ಪರಿಗಣಿಸುವುದುಂಟು. ಅವರು ಇಲ್ಲಿಲ್ಲ ಎಂಬುದನ್ನೇ ಬರೆಸಿ. ಪತ್ರಗಳು ನಿಲ್ಲದಿದ್ದರೆ ಬಾಡಿಗೆ ಕರಾರಿನ ಪ್ರತಿಯೊಂದಿಗೆ ಬ್ಯಾಂಕಿನ ದೂರು ವಿಭಾಗಕ್ಕೆ ಬರೆದು ಸ್ವೀಕೃತಿ ಪಡೆಯಿರಿ. ಯಾರಾದರೂ ಬೆದರಿಸಿದರೆ ಪೊಲೀಸರಿಗೆ ತಿಳಿಸಿ. ಹಿಂದಿನವರ ಸಂಪರ್ಕವಿದ್ದರೆ ಅಥವಾ ಮನೆಯ ಮಾಲೀಕರ ಬಳಿ ಅವರ ದೂರವಾಣಿ ಸಂಖ್ಯೆಯಿದ್ದರೆ, "ನಿಮ್ಮ ಹೆಸರಿಗೆ ಪತ್ರಗಳು ಬರುತ್ತಿವೆ, ವಿಳಾಸ ಬದಲಿಸಿಕೊಳ್ಳಿ" ಎಂದಷ್ಟೇ ತಿಳಿಸಿ. ಅದಕ್ಕಿಂತ ಹೆಚ್ಚಿನ ಮಾತು ಬೇಡ. ಮನೆ ಬಿಡುವ ಸರದಿ ನಮ್ಮದಾದಾಗ ನಾವೂ ವಿಳಾಸ ಬದಲಿಸಿ ಹೋಗೋಣ. ಸಾಲವಿದ್ದರೆ ತಲೆಮರೆಸಿಕೊಳ್ಳದೆ ಬ್ಯಾಂಕಿನವರೊಡನೆ ಎದುರಾಎದುರು ಕುಳಿತು ಮಾತಾಡೋಣ.

ಪ್ರಭು ಕಲಿಸಿದ ಪ್ರಾರ್ಥನೆಯಲ್ಲಿ ನಾವು ತಪ್ಪುಗಳ ಕ್ಷಮೆ ಬೇಡುವ ಕಡೆ ಸಂತ ಮತ್ತಾಯರು ಬಳಸಿರುವ ಗ್ರೀಕ್ ಪದಕ್ಕೆ ಸಾಲ ಎಂದೇ ಅರ್ಥ. ದೇವರ ಮುಂದೆ ಸಾಲಗಾರರಲ್ಲದವರು ನಮ್ಮಲ್ಲಿ ಯಾರೂ ಇಲ್ಲ. ಆತನು ನಮ್ಮ ಲೆಕ್ಕವನ್ನು ನೆರೆಹೊರೆಯವರ ಮುಂದೆ ಓದಿ ಹೇಳುವುದಿಲ್ಲ. ಆ ಕರುಣೆಯನ್ನು ದಿನವೂ ಪಡೆಯುವ ನಾವು, ಹೆಸರನ್ನಷ್ಟೇ ಬಲ್ಲ ಆ ಕುಟುಂಬಕ್ಕಾಗಿ ಸಂಜೆಯ ಜಪಸರದಲ್ಲಿ ಒಂದು 'ನಮೋ ಮರಿಯ'ವನ್ನು ಮುಡಿಪಾಗಿಡೋಣ.