ಮರಳಿ ಬಂದವನ ಅಧಿಕಾರ

ಎರ್ನಾಕುಳದ ಕಲೂರಿನಲ್ಲಿರುವ ಸಂತ ಅಂತೋಣಿಯವರ ದೇವಾಲಯಕ್ಕೆ ಮಂಗಳವಾರದ ದಿನ ಬಂದು ನೆರೆಯುವ ಸಂದಣಿಯಲ್ಲಿ ಕ್ರೈಸ್ತರಲ್ಲದವರೂ ಬಹುಮಂದಿ ಇರುತ್ತಾರೆ. ಕಳೆದುಹೋದುದನ್ನು ದೊರಕಿಸಿಕೊಡುವುದು ಆ ಸಂತನ ವಿಶೇಷವೆಂಬ ಪ್ರತೀತಿ ಲೋಕದಲ್ಲೆಲ್ಲ ಹಬ್ಬಿರುವುದರಿಂದ, ಒಡವೆಯನ್ನೋ ಕಾಗದಪತ್ರವನ್ನೋ ಕಳೆದುಕೊಂಡವರ ನಡುವೆ, ಮುನಿಸಿಕೊಂಡು ಮನೆಬಿಟ್ಟ ಮಗನಿಗಾಗಿ, ಮಾತು ಬಿಟ್ಟ ಅಣ್ಣನಿಗಾಗಿ ಮೇಣದಬತ್ತಿ ಹಚ್ಚುವವರೂ ಇರದೆ ಹೋಗಲಾರರು. ಪ್ರಾರ್ಥನೆಯನ್ನು ತರ್ಕದಿಂದ ಅಳೆಯುವುದು ಉಚಿತವಲ್ಲ. ಆದರೂ ಈ ಎರಡು ಬಗೆಯ ಬೇಡಿಕೆಗಳು ಒಂದೇ ಜಾತಿಯವೆ ಎಂಬ ಪ್ರಶ್ನೆಯನ್ನು ಕೇಳಿಕೊಳ್ಳಬಹುದು. ಕಳೆದ ಉಂಗುರ ಹತ್ತು ವರ್ಷಗಳ ಮೇಲೆ ಸಿಕ್ಕಿದರೂ ಅದೇ ಉಂಗುರ. ಕಾಳಿದಾಸನ ದುಷ್ಯಂತನಿಗೆ ಮೀನಿನ ಹೊಟ್ಟೆಯಿಂದ ದೊರೆತ ಉಂಗುರ ಕೊಟ್ಟಾಗ ಹೇಗಿತ್ತೋ ಹಾಗೆಯೇ ಇತ್ತು. ಅದು ಅವನಿಗೆ ನೆನಪನ್ನು ಮರಳಿಸಿತು, ಶಕುಂತಲೆಯನ್ನು ಮರಳಿಸಲಿಲ್ಲ. ಅದಕ್ಕೆ ಇನ್ನೊಂದು ಅಂಕವೇ ಬೇಕಾಯಿತು. ಮಾರೀಚಾಶ್ರಮದಲ್ಲಿ ತನ್ನನ್ನು ತಂದೆಯೆಂದು ಅರಿಯದ ಬಾಲಕನೊಬ್ಬನ ಎದುರು ಚಕ್ರವರ್ತಿಯು ಅಪರಿಚಿತನಾಗಿ ನಿಲ್ಲಬೇಕಾಯಿತು.

ವರ್ಷಗಟ್ಟಲೆ ಅಗಲಿ, ಅಗಲಿಕೆಯಲ್ಲಿ ಮನಸ್ಸು ಕಹಿಯಾಗಿ, ಮತ್ತೆ ಕೂಡಬೇಕೆಂದು ಬಯಸುವ ಬಂಧುಗಳ ವಿಷಯದಲ್ಲಿ ಎರಡು ಅಭಿಪ್ರಾಯಗಳು ರೂಢಿಯಲ್ಲಿವೆ. ಹಿರಿಯರದು ಒಂದು: ರಕ್ತಸಂಬಂಧವೆಂಬುದು ಎಂದೂ ಸಾಯದು, ಬೂದಿಯೊಳಗಿನ ಕೆಂಡದಂತೆ ಅಡಗಿರುತ್ತದೆ, ಎದುರೆದುರು ಬಂದು ಒಂದು ತೊಟ್ಟು ಕಣ್ಣೀರು ಹಾಕಿದರೆ ಎಲ್ಲವೂ ಮೊದಲಿನಂತಾಗುತ್ತದೆ ಎಂಬುದು. ಇಂದಿನವರದು ಇನ್ನೊಂದು: ಕುಳಿತು ಮಾತನಾಡಿ, ಯಾರಿಂದ ಏನು ತಪ್ಪಾಯಿತೆಂಬುದನ್ನು ಆದ್ಯಂತವಾಗಿ ನಿರ್ಣಯಿಸಿ, ಕ್ಷಮೆ ಕೇಳುವವರು ಕೇಳಿ ಕೊಡುವವರು ಕೊಟ್ಟಮೇಲೆಯೇ ಸಂಬಂಧ ಮುಂದುವರಿಯತಕ್ಕದ್ದು ಎಂಬುದು. ಮೊದಲನೆಯದು ಕಳೆದ ಕಾಲವನ್ನು ಇಲ್ಲವೆನ್ನುತ್ತದೆ. ಎರಡನೆಯದು ಕಳೆದ ಕಾಲವನ್ನು ಪೂರ್ಣವಾಗಿ ತೀರಿಸಿಬಿಡಬಹುದೆಂದು ನಂಬುತ್ತದೆ. ಎರಡೂ ನನಗೆ ಒಪ್ಪಿಗೆಯಾಗುವುದಿಲ್ಲ. ಮುರಿದ ನಂಟು ಮರಳಿ ದೊರಕುವ ವಸ್ತುವಲ್ಲ. ಹಳೆಯ ನೆನಪನ್ನು ಮಾತ್ರ ಸಮಾನವಾಗಿ ಉಳ್ಳ ಇಬ್ಬರು ಬೇರೆಯೇ ವ್ಯಕ್ತಿಗಳು ಹೊಸದಾಗಿ ಕಟ್ಟಿಕೊಳ್ಳತಕ್ಕ ನಂಟು ಅದು. ಆದುದರಿಂದ ಹಳೆಯ ನಂಟಿನ ಅಧಿಕಾರವನ್ನು ಹೊತ್ತುಕೊಂಡು ಬಂದವನಿಗೆ ಅದು ದೊರಕುವುದು ದುರ್ಲಭ. ನಾನು ವಾದಿಸಬೇಕೆಂದಿರುವುದು ಇಷ್ಟು.

ಅಗಲಿಕೆಗಳೆಲ್ಲ ಸಮಾನವಾಗಿ ಕೆಡುಕಲ್ಲ. ತಿರುವನಂತಪುರದ ಶ್ರೀ ಪದ್ಮನಾಭಸ್ವಾಮಿ ದೇವಾಲಯದಲ್ಲಿ ನಂಬಿಗಳೆಂದು ಕರೆಯಿಸಿಕೊಳ್ಳುವ ಪ್ರಧಾನಾರ್ಚಕರು ಕಾಸರಗೋಡಿನ ಚಂದ್ರಗಿರಿ ಹೊಳೆಯ ಎರಡು ದಡಗಳ ಮನೆತನಗಳಿಂದ, ಅಕ್ಕರೆ ದೇಶಿ ಇಕ್ಕರೆ ದೇಶಿ ಎಂಬ ಎರಡು ವರ್ಗಗಳಾಗಿ, ತಲೆಮಾರುಗಳಿಂದ ದಕ್ಷಿಣಕ್ಕೆ ಹೋಗುತ್ತ ಬಂದಿದ್ದಾರೆ. ಸೇವೆಯ ಅವಧಿಯಲ್ಲಿ ಗೃಹಸ್ಥನಾದವನೂ ಬ್ರಹ್ಮಚರ್ಯದಿಂದ ಸಂಸಾರವನ್ನು ಬಿಟ್ಟು ಇರತಕ್ಕದ್ದೆಂದು ಅಲ್ಲಿಯ ನಿಯಮ. ಶಬರಿಮಲೆಯ ಮೇಲ್ಶಾಂತಿಯು ವೃಶ್ಚಿಕಮಾಸದಿಂದ ಮೊದಲ್ಗೊಂಡು ಒಂದು ವರ್ಷ ಬೆಟ್ಟವನ್ನು ಬಿಟ್ಟು ಇಳಿಯದೆ ಇರುವುದೂ ಇಂಥದೇ. ಈ ವಿರಹಗಳು ಕಠಿನವಾದರೂ ಮನೆಗಳನ್ನು ಒಡೆದುವೆಂದು ಕೇಳಿಬರುವುದಿಲ್ಲ. ಹೋದವನು ಏತಕ್ಕಾಗಿ ಹೋದನೆಂಬುದು ಹಿಂದೆ ಉಳಿದವರಿಗೆ ತಿಳಿದಿರುತ್ತದೆ, ಅವರ ಸಮ್ಮತಿಯೂ ಅದರಲ್ಲಿ ಸೇರಿರುತ್ತದೆ, ಎಲ್ಲಕ್ಕಿಂತ ಮುಖ್ಯವಾಗಿ ಅದಕ್ಕೊಂದು ಅವಧಿ ಇರುತ್ತದೆ.

1973ರ ತೈಲಬೆಲೆಯ ಏರಿಕೆಯ ತರುವಾಯ ಅರಬ್ಬಿ ದೇಶಗಳಿಗೆ ಹರಿದ ಪ್ರವಾಹದ ಕಥೆ ಬೇರೆ. ತಿರುವನಂತಪುರದ ಅಭಿವೃದ್ಧಿ ಅಧ್ಯಯನ ಕೇಂದ್ರವು 1998ರಿಂದ ನಡೆಸಿದ ವಲಸೆಯ ಸಮೀಕ್ಷೆಗಳಲ್ಲಿ 2018ರದು, ಸುಮಾರು 21 ಲಕ್ಷ ಕೇರಳೀಯರು ಪರದೇಶಗಳಲ್ಲಿರುವರೆಂದು ಎಣಿಸಿತು. ಕಾಸರಗೋಡು ಮಂಜೇಶ್ವರಗಳ ಕನ್ನಡ, ತುಳು, ಬ್ಯಾರಿ ಮಾತಿನ ಮನೆಗಳೂ ಇದಕ್ಕೆ ಹೊರತಲ್ಲ. ಅಲ್ಲಿಗೆ ಹೋದವನು ಅವಧಿಯಿಲ್ಲದೆ ಹೋದನು. ಮನೆಯ ಮಾಡು ಹೆಂಚಾಗುವವರೆಗೆ, ತಂಗಿಯ ಮದುವೆಯಾಗುವವರೆಗೆ, ತಾರಸಿ ಏಳುವವರೆಗೆ, ಮಗಳ ಕಾಲೇಜು ಮುಗಿಯುವವರೆಗೆ ಎಂದು ಅವಧಿ ತನ್ನಷ್ಟಕ್ಕೆ ಮುಂದೆ ಸರಿಯಿತು. ‘ಬರುವ ವರ್ಷ’ ಎಂಬ ಮಾತು ಪ್ರತಿವರ್ಷವೂ ಸತ್ಯವಾದ ಸಂಕಲ್ಪದಿಂದಲೇ ಹೊರಟು ಪ್ರತಿವರ್ಷವೂ ಸುಳ್ಳಾಯಿತು. ಕರಾವಳಿಯ ಊರುಗಳಿಂದ ಕೊಚ್ಚಿಯ ಹೋಟೆಲುಗಳಿಗೆ ಹನ್ನೆರಡು ಹದಿಮೂರರ ವಯಸ್ಸಿನಲ್ಲಿ ಬಂದು, ಗಲ್ಲೆಯ ಹಿಂದೆ ಮುದುಕರಾದ ಎಷ್ಟೋ ಮಂದಿಯ ಅನುಭವವೂ ಇದೇ. ಮಲಬಾರ್ ಎಕ್ಸ್‌ಪ್ರೆಸ್ಸಿನಲ್ಲಿ ರಾತ್ರಿ ಹತ್ತಿದರೆ ಬೆಳಗಾಗುವಾಗ ತಲಪಬಹುದಾದ ಊರಿಗೆ ಹತ್ತು ವರ್ಷ ಹೋಗದೆ ಉಳಿದವನಿಗೆ ದೂರವೇ ಕಾರಣವೆಂದು ಹೇಳಲಾಗದು.

ಇಂಥವನು ಮರಳಿದಾಗ ಎರಡು ಲೆಕ್ಕಗಳು ಎದುರಾಗುತ್ತವೆ. ಹೋದವನ ಲೆಕ್ಕ ಕಳುಹಿಸಿದ ಹಣದ್ದು: ಬಿಸಿಲಿನಲ್ಲಿ ಬೆಂದು, ಆರು ಮಂದಿಯ ಕೋಣೆಯಲ್ಲಿ ಮಲಗಿ, ತಾನು ತಿನ್ನದೆ ಕಳುಹಿಸಿದೆನೆಂಬುದು. ಉಳಿದವರ ಲೆಕ್ಕ ರಾತ್ರಿಗಳದ್ದು: ತಾಯಿಗೆ ಪಾರ್ಶ್ವವಾಯು ಬಡಿದ ರಾತ್ರಿ, ಮಗುವನ್ನು ಎತ್ತಿಕೊಂಡು ಮಂಗಳೂರಿನ ಆಸ್ಪತ್ರೆಗೆ ಓಡಿದ ರಾತ್ರಿ, ಉತ್ತರ ಹೇಳಲು ಮನೆಯಲ್ಲಿ ಯಾರೂ ಇಲ್ಲದೆ ಗೇಣಿಯ, ಗಡಿಯ, ಸಾಲದ ಜಗಳಗಳನ್ನು ಒಬ್ಬಳೇ ಎದುರಿಸಿದ ಹಗಲುಗಳೂ ಅದರಲ್ಲಿ ಸೇರಿವೆ. ಎರಡೂ ನಿಜ, ಎರಡೂ ಪ್ರಾಮಾಣಿಕವಾದ ಲೆಕ್ಕಗಳೇ. ಆದರೆ ಅವುಗಳ ನಾಣ್ಯ ಬೇರೆ. ಆದುದರಿಂದಲೇ ಕುಳಿತು ಮಾತನಾಡಿ ತೀರ್ಮಾನಿಸಿಕೊಳ್ಳಿರೆಂಬ ಸಲಹೆ, ಕೊಡುವವರ ಸದುದ್ದೇಶವೇನೇ ಇರಲಿ, ಬಹುಮಟ್ಟಿಗೆ ಹೊಸ ಜಗಳದಲ್ಲಿ ಪರ್ಯವಸಾನವಾಗುತ್ತದೆ: ಒಬ್ಬನು ಮೊತ್ತವನ್ನು ಹೇಳುತ್ತಾನೆ, ಇನ್ನೊಬ್ಬಳು ತಾರೀಖನ್ನು ಹೇಳುತ್ತಾಳೆ, ಯಾರೂ ಯಾರ ಮಾತನ್ನೂ ಅಲ್ಲಗಳೆಯಲಾರರು, ಒಪ್ಪಲೂ ಆರರು.

ತಂದೆಯಾದವನು ತಂದೆಯೆಂಬ ಒಂದೇ ಕಾರಣದಿಂದ ಬಂದು ನಿಂತರೆ ಏನಾಗುತ್ತದೆಂಬುದನ್ನು ಮಹಾಭಾರತದ ಆಶ್ವಮೇಧಿಕ ಪರ್ವವೂ, ಕನ್ನಡದಲ್ಲಿ ಲಕ್ಷ್ಮೀಶನ ಜೈಮಿನಿ ಭಾರತವೂ ಬಭ್ರುವಾಹನನ ಪ್ರಸಂಗದಲ್ಲಿ ನಿರ್ದಾಕ್ಷಿಣ್ಯವಾಗಿ ತೋರಿಸಿವೆ. ಯಕ್ಷಗಾನದವರು ಈ ಕಾಳಗವನ್ನು ಕುಂಬಳೆಯ ಸೀಮೆಯಿಂದ ಬಡಗಿನ ಕುಂದಾಪುರದವರೆಗೆ ಆಡಿ ಆಡಿ ಜನಕ್ಕೆ ಪರಿಚಯವಾಗಿಸಿದ್ದಾರೆ. ಆದರೆ ಅಬ್ಬರದ ನಡುವೆ ಅದರ ಮರ್ಮ ಕೆಲವೊಮ್ಮೆ ಮರೆಯಾಗುವುದುಂಟು. ಚಿತ್ರಾಂಗದೆಯನ್ನು ಬಿಟ್ಟುಹೋದ ಅರ್ಜುನನು ಮಗನ ಬಾಲ್ಯವನ್ನು ಕಂಡವನಲ್ಲ, ಅವನಿಗೆ ಬಿಲ್ವಿದ್ಯೆ ಕಲಿಸಿದವನಲ್ಲ. ಯಜ್ಞಾಶ್ವದ ಹಿಂದೆ ಮಣಿಪುರಕ್ಕೆ ಬಂದಾಗ, ಮಗನು ಕಾಣಿಕೆಗಳನ್ನು ಹೊತ್ತು ವಿನಯದಿಂದ ಎದುರುಗೊಂಡರೆ, ಈ ತಂದೆಯು ಹಿಗ್ಗುವುದಕ್ಕೆ ಬದಲಾಗಿ ‘ನನ್ನ ಮಗನಾಗಿದ್ದರೆ ಹೀಗೆ ಶರಣಾಗುತ್ತಿದ್ದೆಯಾ’ ಎಂಬರ್ಥದ ಹೀನಾಯದ ಮಾತನ್ನಾಡುತ್ತಾನೆ. ಬೆಳೆಸದವನಿಗೆ, ಬೆಳೆದುದು ತನ್ನ ಅಚ್ಚಿನಂತೆಯೇ ಇರಬೇಕೆಂಬ ಹಟ! ಫಲವಾಗಿ ಯುದ್ಧ, ಯುದ್ಧದಲ್ಲಿ ತಂದೆಯ ಪತನ, ನಾಗಲೋಕದ ಮಣಿಯಿಂದ ಅವನ ಪುನರುಜ್ಜೀವನ. ಬಿಟ್ಟುಹೋದ ತಂದೆಯು ಹಳೆಯ ತಂದೆಯಾಗಿ ಸಾಯದೆ ಆ ಮನೆಯಲ್ಲಿ ಮತ್ತೆ ತಂದೆಯಾಗಿ ಹುಟ್ಟಲಾರನೆಂದು ಕಥೆಯನ್ನು ಓದಿದರೆ ಅದು ಬಲವಂತದ ಅರ್ಥವೆಂದು ನನಗೆ ತೋರುವುದಿಲ್ಲ.

ಇದಕ್ಕೆ ಪ್ರತಿಯಾಗಿ ರಾಮಾಯಣದ ಒಂದು ಸಣ್ಣ ಸಂದರ್ಭ. ವನವಾಸವನ್ನು ಮುಗಿಸಿ ಭರದ್ವಾಜಾಶ್ರಮಕ್ಕೆ ಬಂದ ರಾಮನು ಪುಷ್ಪಕದಲ್ಲಿ ನೇರವಾಗಿ ಅಯೋಧ್ಯೆಗೆ ಇಳಿಯುವುದಿಲ್ಲ. ಹನುಮಂತನನ್ನು ಮುಂದಾಗಿ ನಂದಿಗ್ರಾಮಕ್ಕೆ ಕಳುಹಿಸಿ, ತಾನು ಬಂದ ವಾರ್ತೆಯನ್ನು ಕೇಳಿದಾಗ ಭರತನ ಮುಖದ ಭಾವ ಹೇಗಾಗುತ್ತದೆಂಬುದನ್ನು ನೋಡಿಬರಲು ಹೇಳುತ್ತಾನೆ. ಪಾದುಕೆಗಳನ್ನು ಸಿಂಹಾಸನದಲ್ಲಿಟ್ಟವನನ್ನೂ ಶಂಕಿಸಬಹುದೆ ಎಂದು ಭಕ್ತರು ನೊಂದುಕೊಳ್ಳಬಹುದು. ಆದರೆ ಆ ಸಂದೇಶದ ಉತ್ತರಾರ್ಧವನ್ನು ಗಮನಿಸಬೇಕು: ಬಹುಕಾಲ ಆಳಿದ ಭರತನು ರಾಜ್ಯವನ್ನು ತಾನೇ ಬಯಸುವುದಾದರೆ ಅವನೇ ಆಳಲಿ ಎಂಬುದು ರಾಮನ ನಿಶ್ಚಯ. ಹದಿನಾಲ್ಕು ವರ್ಷಗಳು ತಮ್ಮನನ್ನು ಬದಲಿಸಿರಬಹುದೆಂಬುದನ್ನು ಒಪ್ಪಿ, ಬದಲಾಗಿದ್ದರೆ ತನ್ನ ಹಕ್ಕನ್ನು ಬಿಟ್ಟುಕೊಡುವ ಸಿದ್ಧತೆಯಿಂದ ಹೊಸ್ತಿಲಿನ ಹೊರಗೆ ನಿಂತು ಕಾದವನು ಅವನು. ಭ್ರಾತೃಸಮಾಗಮ ಅಷ್ಟು ಮಧುರವಾದುದು ಭರತನ ಭಕ್ತಿಯೊಂದರಿಂದಲೇ ಅಲ್ಲ. ಅದೇ ರಾಮನು ಉತ್ತರಕಾಂಡದಲ್ಲಿ ನೈಮಿಷಾರಣ್ಯದ ತುಂಬಿದ ಸಭೆಯಲ್ಲಿ, ವಾಲ್ಮೀಕಿಯೇ ಸಾಕ್ಷಿ ನುಡಿದಮೇಲೂ, ಸೀತೆಯಿಂದ ಪ್ರಮಾಣವನ್ನು ಅಪೇಕ್ಷಿಸುತ್ತಾನೆ. ಅಲ್ಲಿ ನಿಬಂಧನೆ ಹಾಕಿದವನು ಅಗಲಿಸಿದವನೇ. ಪರೀಕ್ಷೆಗೆ ಒಳಗಾಗಬೇಕಾದವಳು ಅಗಲಿಕೆಯನ್ನು ಉಂಡವಳು. ಸೀತೆ ಭೂಮಿಯನ್ನು ಕರೆದಳು. ಒಬ್ಬನೇ ಪುರುಷನ ಜೀವನದಲ್ಲಿ ಎರಡು ಪುನರ್ಮಿಲನಗಳು, ಒಂದು ಕೂಡಿಬಂದು ಒಂದು ಕೂಡದೆ ಹೋದುದಕ್ಕೆ ಬೇರೆ ಕಾರಣವನ್ನು ಹುಡುಕಬೇಕೆ?

ಕಾನೂನು ಈ ವಿಷಯದಲ್ಲಿ ಮಾಡಬಲ್ಲುದು ಸ್ವಲ್ಪ. 1984ರ ಕುಟುಂಬ ನ್ಯಾಯಾಲಯ ಕಾಯಿದೆಯು ರಾಜಿಗೆ ಪ್ರಯತ್ನಿಸುವುದನ್ನು ನ್ಯಾಯಾಧೀಶರ ಕರ್ತವ್ಯವನ್ನಾಗಿ ಮಾಡಿತು. 2007ರ ಕಾಯಿದೆಯು ಮುಪ್ಪಿನ ತಂದೆತಾಯಿಗಳಿಗೆ ತಿಂಗಳಿಗೆ 10,000 ರೂಪಾಯಿಗಳ ಮಿತಿಯೊಳಗೆ ಜೀವನಾಂಶ ಕೊಡಿಸಬಹುದೆಂದಿತು. ಅನ್ನಕ್ಕೆ ಇವು ಬೇಕು, ಅನ್ನ ಮೊದಲು. ಆದರೆ ಒಡೆಯುವುದರಲ್ಲಿ ಶಾಸನಕ್ಕೆ ಇರುವ ದಕ್ಷತೆ ಕೂಡಿಸುವುದರಲ್ಲಿ ಇಲ್ಲ: ಕೇರಳವು 1975ರ ಶಾಸನದಿಂದ ಅವಿಭಕ್ತ ಕುಟುಂಬವನ್ನು, ಅದರೊಡನೆ ಕಾಸರಗೋಡಿನ ಅಳಿಯಸಂತಾನದ ಕಟ್ಟನ್ನೂ, 1976ರ ದಶಂಬರ 1ರಿಂದ ರದ್ದುಮಾಡಿದಾಗ, ಅಖಂಡವಾಗಿದ್ದ ಕುಟುಂಬದ ಆಸ್ತಿಯಲ್ಲಿ ಒಬ್ಬೊಬ್ಬರೂ ತಮ್ಮ ತಮ್ಮ ಪಾಲಿಗೆ ಒಡೆಯರಾದರು. ಹೆಂಗಸರಿಗೂ ಕಿರಿಯರಿಗೂ ಯಜಮಾನನ ಇಚ್ಛೆಯಿಂದ ಬಿಡುಗಡೆ ದೊರೆತುದರಿಂದ ಅದನ್ನು ನಾನು ದೂರಲಾರೆ. ಪಾಲುಪಟ್ಟಿಯ ಸಂದರ್ಭದಲ್ಲಿ ನಿಂತ ಹೋಗುಬರವು ಮಾತ್ರ ಎಷ್ಟೋ ಕಡೆ ನಿಂತೇ ಹೋಯಿತು.

ಆಶ್ಚರ್ಯವೆಂದರೆ, ಶಾಸನವಾಗಲಿ ಸಲಹೆಗಾರರಾಗಲಿ ಮಾಡಲಾರದುದನ್ನು ಅದೇ ನಾಡಿನ ಒಂದು ಹಳೆಯ ಪದ್ಧತಿ ಮಾಡುತ್ತಿದೆ. ಮನೆಯಲ್ಲಿ ಸಾಲುಸಾಲಾಗಿ ಕಷ್ಟಗಳು ಬಂದಾಗ ಒಂದು ಕವಲಿನವರು ಜ್ಯೋತಿಷಿಯನ್ನು ಕರೆಸಿ ಅಷ್ಟಮಂಗಲ ಪ್ರಶ್ನೆ ಇಡುತ್ತಾರೆ. ಮೂಲಮನೆಯ ದೈವಕ್ಕೆ ನೇಮವಿಲ್ಲ, ನಾಗಬನ ಪಾಳುಬಿದ್ದಿದೆ, ಹಿಂದೊಮ್ಮೆ ಈ ಕುಟುಂಬದ ಹೆಣ್ಣೊಬ್ಬಳಿಗೆ ಅನ್ಯಾಯವಾಗಿ ಅವಳು ಕಣ್ಣೀರಿಟ್ಟು ಹೋಗಿದ್ದಾಳೆ, ಕವಲುಗಳೆಲ್ಲ ಕೂಡಿ ಜೀರ್ಣೋದ್ಧಾರ ಮಾಡಿಸದೆ ಶ್ರೇಯಸ್ಸಿಲ್ಲ ಎಂದು ಪ್ರಶ್ನೆಯಲ್ಲಿ ತೋರಿಬರುತ್ತದೆ. ಮೂವತ್ತು ವರ್ಷ ಮುಖ ನೋಡದವರಿಗೆ ಫೋನು ಹೋಗುತ್ತದೆ, ಕೊಚ್ಚಿಯಿಂದ, ಮುಂಬಯಿಯಿಂದ, ದುಬಾಯಿಯಿಂದ ಜನ ಬರುತ್ತಾರೆ, ವಂತಿಗೆ ಹಾಕುತ್ತಾರೆ, ಚಪ್ಪರಕ್ಕೆ ಮಡಲು ಹೆಣೆಯುತ್ತಾರೆ, ಸಾಂಬಾರಿಗೆ ಉಪ್ಪು ಹೆಚ್ಚಾಯಿತೆಂದು ಒಬ್ಬರನ್ನೊಬ್ಬರು ಗದರಿಸಿಕೊಳ್ಳುತ್ತಾರೆ. ಈ ಪದ್ಧತಿಯ ಖರ್ಚನ್ನೂ, ಹೆದರಿದವರನ್ನು ಸುಲಿಯುವ ಕೆಲವರ ಚಾತುರ್ಯವನ್ನೂ ನಾನು ಅರಿಯದವನಲ್ಲ. ಗ್ರಹಗಳ ಮಾತಿನಲ್ಲಿ ನನಗೆ ವಿಶ್ವಾಸವೂ ಕಡಮೆ. ಆದರೂ ಇದರ ರಚನೆಯಲ್ಲಿರುವ ಮನುಷ್ಯಜ್ಞಾನವನ್ನು ಮೆಚ್ಚದೆ ಇರಲಾರೆ. ಅನ್ಯಾಯವಾದುದು ಬಾಯಿಬಿಟ್ಟು ಹೇಳಲ್ಪಡುತ್ತದೆ, ಆದರೆ ಹೇಳುವವನು ವಾದಿಯಲ್ಲ. ಪ್ರಾಯಶ್ಚಿತ್ತ ಎಲ್ಲರಿಗೂ ಹಂಚಿಹೋಗುತ್ತದೆ, ಇಂಥವನೇ ಅಪರಾಧಿಯೆಂದು ಒಬ್ಬನನ್ನು ಎತ್ತಿ ನಿಲ್ಲಿಸುವುದಿಲ್ಲ. ಮುಖ್ಯವಾಗಿ, ಪರಸ್ಪರರನ್ನು ನೋಡಬೇಕಾದ ಕ್ಲೇಶವನ್ನು ತಪ್ಪಿಸಿ ಎಲ್ಲರೂ ಒಂದು ಮೂರನೆಯ ವಸ್ತುವಿನ ಕಡೆಗೆ ನೋಡುವಂತೆ ಅದು ಮಾಡುತ್ತದೆ. ಕೆಲಸ ಮೊದಲು ಬರುತ್ತದೆ, ಮಾತು ಕೆಲಸದ ನಡುವೆ ತಾನಾಗಿ ಹುಟ್ಟುತ್ತದೆ, ವಿಚಾರಣೆ ನಡೆದರೆ ಎಷ್ಟೋ ದಿನಗಳ ಮೇಲೆ, ಆಗಲೂ ಅರ್ಧಂಬರ್ಧವಾಗಿ. ದುಷ್ಯಂತ ಶಕುಂತಲೆಯರ ನಡುವೆ ಸಿಂಹದ ಮರಿಯ ಹಲ್ಲನ್ನು ಎಣಿಸುವ ಬಾಲಕನು ಮಾಡಿದ ಕೆಲಸವೂ ಇದೇ ಅಲ್ಲವೆ? ದೈವವನ್ನು ನಂಬದ ಮನೆಗಳಿಗೆ ಅವರವರ ಮೂರನೆಯ ವಸ್ತು ಬೇಕಾಗುತ್ತದೆ: ಸೋರುವ ಮಾಡು, ಹಾಸಿಗೆ ಹಿಡಿದ ತಾಯಿ, ಅಜ್ಜನ ಹೆಸರನ್ನು ಮಾತ್ರ ಕೇಳಿರುವ ಮೊಮ್ಮಗು.

ಇಲ್ಲಿ ಒಂದು ಆಕ್ಷೇಪಣೆಗೆ ಉತ್ತರ ಹೇಳಲೇಬೇಕು. ವಿಚಾರಣೆಯನ್ನು ಹಿಂದಕ್ಕೆ ಹಾಕಿ ಕೆಲಸವನ್ನು ಮುಂದಕ್ಕೆ ತಂದರೆ, ಬಲ್ಲಿದನ ಅಪರಾಧ ಚಪ್ಪರದ ಗದ್ದಲದಲ್ಲಿ ಮುಚ್ಚಿಹೋಗುವುದಿಲ್ಲವೆ? ಹೊಡೆತವನ್ನು ತಾಳಲಾರದೆ ಮನೆಬಿಟ್ಟ ಹೆಂಡತಿಗೆ, ಜಾತಿಯ ಹೊರಗೆ ಮದುವೆಯಾದಳೆಂದು ಬದುಕಿರುವಾಗಲೇ ತಿಥಿ ಮಾಡಿಸಿಕೊಂಡ ಮಗಳಿಗೆ, ‘ಹಳೆಯದನ್ನು ಮರೆತುಬಿಡು, ಬಂದು ಬಡಿಸು’ ಎನ್ನುವುದು ಎರಡನೆಯ ಅನ್ಯಾಯವಲ್ಲವೆ? ನಿಶ್ಚಯವಾಗಿ ಅನ್ಯಾಯವೇ. ನಾನು ಹೇಳಿದ ಕ್ರಮ, ಕಾಲವೂ ಬಡತನವೂ ಮಂಕುತನವೂ ಕೂಡಿ ಕೆಡಿಸಿದ ನಂಟುಗಳಿಗೆ ಸಲ್ಲುವುದೇ ಹೊರತು ಕ್ರೌರ್ಯದಿಂದ ಕಡಿದವುಗಳಿಗಲ್ಲ. ಅಲ್ಲಿ ತಪ್ಪು ಮಾಡಿದವನ ಬಾಯಿಂದ, ಕೇಳಿದವರ ಎದುರಿನಲ್ಲೇ, ತಪ್ಪಿನ ಹೆಸರು ಮೊದಲು ಬರತಕ್ಕದ್ದು; ಬಂದಮೇಲೂ ನೊಂದವರು ಕೂಡಲೊಲ್ಲೆನೆಂದರೆ ಅದರಲ್ಲಿ ಹಟವನ್ನು ಕಾಣುವುದಕ್ಕೆ ಬಂಧುಗಳಿಗೆ ಅಧಿಕಾರವಿಲ್ಲ. ಅಗಲಿಕೆಯೇ ಪಥ್ಯವಾಗಿರುವ ಸಂಬಂಧಗಳೂ ಲೋಕದಲ್ಲಿ ಉಂಟು. ಹಿರಿಯರು ಇದನ್ನು ಒಪ್ಪದೆ ಹಬ್ಬದ ನೆಪದಲ್ಲಿ ಎಷ್ಟೋ ಹೆಣ್ಣುಮಕ್ಕಳನ್ನು ಹಿಂದಿರುಗಿ ಕಳುಹಿಸಿದ್ದಾರೆ.

ಕಾಯಬೇಕಾದವರು ತೀರಿಹೋದಮೇಲೆ ಬಂದವನ ಗತಿಯೇನು? ಶಿವರಾತ್ರಿಯಲ್ಲಿ ಆಲುವಾದ ಪೆರಿಯಾರ್ ದಂಡೆಯ ಮರಳಿನ ಮೇಲೆ ಸಾವಿರಾರು ಜನ ಪಿತೃಗಳಿಗೆ ಬಲಿ ಹಾಕುತ್ತಾರೆ. ಅವರ ನಡುವೆ ತಾಯಿಯ ಕೊನೆಗಾಲಕ್ಕೆ ಬಾರದ ಮಗನು ಇದ್ದರೆ, ಪುರೋಹಿತನು ಅವನನ್ನು ಪ್ರಶ್ನಿಸುವುದಿಲ್ಲ; ತರ್ಪಣದಲ್ಲಿ ಹೆಸರು ಗೋತ್ರಗಳನ್ನು ಹೇಳಿದರೆ ಸಾಕು, ಜಗಳದ ಇತಿಹಾಸವನ್ನು ಹೇಳಬೇಕಾಗಿಲ್ಲ. ಆ ಕರ್ಮದಿಂದ ಅವನಿಗೆ ಸಮಾಧಾನ ದೊರೆಯುವುದಾದರೆ ದೊರೆಯಲಿ. ಆದರೆ ನಿರಾಕರಿಸುವ ಶಕ್ತಿಯಿಲ್ಲದವರೊಡನೆ ನಂಟನ್ನು ಕಟ್ಟಿದೆನೆಂದು ಅವನು ಭಾವಿಸಿದರೆ ಅದು ಅತಿ ಸುಲಭದ ಸಮಾಧಾನ. ತಾಯಿಗೆ ಅವನು ಸಲ್ಲಿಸಬೇಕಾಗಿದ್ದುದನ್ನು ಅವನ ಬದಲಾಗಿ ಸಲ್ಲಿಸಿದವಳು ಒಬ್ಬಳಿದ್ದಾಳೆ. ಹಾಸಿಗೆಯ ಬಟ್ಟೆ ಬದಲಿಸುತ್ತ ವಯಸ್ಸು ಕಳೆದ ಅಕ್ಕನೋ ಅತ್ತಿಗೆಯೋ ಇನ್ನೂ ಆ ಮನೆಯಲ್ಲಿಯೇ ಇದ್ದಾಳೆ. ಋಣ ಈಗ ಅವಳಿಗೆ ಸೇರಿದ್ದು. ಅವಳಲ್ಲಿಗೆ ಹೋಗುವುದು ಮರಳಿನ ಮೇಲೆ ಕೂಳನ್ನಿಡುವುದಕ್ಕಿಂತ ಬಹಳ ಕಷ್ಟ, ಏಕೆಂದರೆ ಅವಳು ಮಾತನಾಡಬಲ್ಲಳು. ಪಾಲಿನ ಕಾಗದವನ್ನು ಕೈಯಲ್ಲಿ ಹಿಡಿಯದೆ ಹೋದರೆ, ಒಂದು ವೇಳೆ, ಈ ವರ್ಷ ಅಲ್ಲದಿದ್ದರೆ ಬರುವ ವರ್ಷವಾದರೂ, ತೋಟದ ಯಾವುದಾದರೂ ಕೆಲಸವನ್ನು ಅವನಿಗೆ ಹೇಳಿಯಾಳು.